ಮಗಳಿಗೊಂದು ಪತ್ರ: ಸ್ಕಾಟ್ಲೆಂಡ್ ಬೇರೆಯಾದರೆ ಮಾರನೇ ದಿನ ಏನು?

ಪ್ರೀತಿಯ ಪುಟ್ಟಿ,

ನಿಮ್ಮ ಗ್ಲಾಸ್ಗೋ ಯೂನಿವರ್ಸಿಟಿಯ ಚರ್ಚೆಯಲ್ಲಿ ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕು ಅನ್ನುವವರ ಪರ ಮಾತಾಡುತ್ತೇನೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. "ಅಮ್ಮಾ, ನಾವು 1947ಕ್ಕೆ ಮುಂಚೆ ಕೇಳಿದ್ದನ್ನೇ ಇವರು ಈಗ ಕೇಳುತ್ತಿದ್ದಾರೆ" ಅಂದೆ. ದಯವಿಟ್ಟು ಆ ಮಾತನ್ನು ಸಭೆಯಲ್ಲಿ ಹೇಳಬೇಡ. ಅದು ನಿಜವಲ್ಲ. ಆ ವಾದದ ಅಗತ್ಯವೂ ಅವರಿಗಿಲ್ಲ.

ಸ್ಕಾಟ್ಲೆಂಡನ್ನು ಯಾರೂ ನಮ್ಮ ಹಾಗೆ ಗೆದ್ದು ಆಳಲಿಲ್ಲ. 1603ರಲ್ಲಿ ಅವರ ರಾಜನೇ ಇಂಗ್ಲೆಂಡಿಗೂ ರಾಜನಾದ. ಆಮೇಲೆ ಪನಾಮಾದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟ್ಲೆಂಡಿನ ಜನ ತಮ್ಮ ಉಳಿತಾಯದ ದೊಡ್ಡ ಪಾಲು ಕಳೆದುಕೊಂಡರು. ಅದಾಗಿ ಕೆಲವೇ ವರ್ಷಕ್ಕೆ, 1707ರಲ್ಲಿ, ಎರಡು ಪಾರ್ಲಿಮೆಂಟುಗಳು ಒಂದಾದವು. ಬೀದಿಯಲ್ಲಿ ಜನ ವಿರೋಧಿಸಿದ್ದರು, ಗಲಾಟೆಗಳೂ ಆದವು. ಆದರೆ ಒಪ್ಪಿಗೆ ಕೊಟ್ಟದ್ದು ಅವರದೇ ಪಾರ್ಲಿಮೆಂಟು.

ಆಮೇಲಿನ ಸಾಮ್ರಾಜ್ಯದಲ್ಲಿ ಅವರಿಗೂ ಪಾಲಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದ ಡೇವಿಡ್ ಬೈರ್ಡ್ ಸ್ಕಾಟ್ಲೆಂಡಿನವನು. ಬಳ್ಳಾರಿ ಸೀಮೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹುಟ್ಟಿದ್ದು ನಿನ್ನ ಗ್ಲಾಸ್ಗೋದಲ್ಲಿ, ಓದಿದ್ದು ನೀನು ಓದುವ ಯೂನಿವರ್ಸಿಟಿಯಲ್ಲೇ. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದ ಕಾಲಿನ್ ಮೆಕೆಂಜಿ ಅವರ ಲೂಯಿಸ್ ದ್ವೀಪದವನು. ನಿಮ್ಮೂರಿನ ಪೇಟೆಯಲ್ಲಿ ಜಮೈಕಾ ಸ್ಟ್ರೀಟ್, ವರ್ಜೀನಿಯಾ ಸ್ಟ್ರೀಟ್ ಅಂತ ಇವೆಯಲ್ಲ, ಆ ಹೆಸರುಗಳು ಸುಮ್ನೆ ಬಂದದ್ದಲ್ಲ. ಸಕ್ಕರೆ, ಹೊಗೆಸೊಪ್ಪು, ಗುಲಾಮರ ದುಡಿಮೆ, ಇವುಗಳ ಹಣ ಆ ಊರನ್ನು ಕಟ್ಟಿದೆ. ಇದನ್ನು ಬಲ್ಲವರು ಯಾರಾದರೂ ಸಭೆಯಲ್ಲಿ ಇದ್ದೇ ಇರುತ್ತಾರೆ.

ಸ್ವತಂತ್ರ ದೇಶ ಬೇಕು ಅನ್ನುವವರ ಗಟ್ಟಿ ವಾದ ಬೇರೆ ಇದೆ. ಅದು ದಬ್ಬಾಳಿಕೆಯ ಮಾತಲ್ಲ, ಓಟಿನ ಮಾತು. 2010ರ ಬ್ರಿಟಿಷ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸೀಟುಗಳಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದದ್ದು ಒಂದೇ ಒಂದು. ಆದರೂ ಆ ಪಕ್ಷದ ಪ್ರಧಾನಿಯೇ ಅವರನ್ನು ಆಳಿದ. 2016ರಲ್ಲಿ ಯುರೋಪ್ ಒಕ್ಕೂಟ ಬಿಡಬೇಕೇ ಅಂತ ಕೇಳಿದಾಗ ಅಲ್ಲಿ ಶೇಕಡಾ 62ರಷ್ಟು ಜನ ಬಿಡುವುದು ಬೇಡ ಅಂದರು. 32 ಸ್ಥಳೀಯ ಆಡಳಿತಗಳಲ್ಲಿ ಒಂದರಲ್ಲೂ ಬಿಡೋಣ ಅನ್ನುವವರಿಗೆ ಬಹುಮತ ಬರಲಿಲ್ಲ. ಆದರೂ ಬಿಡಬೇಕಾಯಿತು. ಅದಕ್ಕೆ ಎರಡೇ ವರ್ಷ ಮುಂಚೆ, 2014ರಲ್ಲಿ, ಬ್ರಿಟನ್ನಿನಿಂದ ಬೇರೆಯಾಗಬೇಕೇ ಅಂತ ಸ್ಕಾಟ್ಲೆಂಡಿನಲ್ಲಿ ಜನಮತ ಕೇಳಿದಾಗ, ಬೇಡ ಅನ್ನುವವರು ಇದೇ ಜನಕ್ಕೆ ಏನು ಹೇಳಿದ್ದರು? ಬ್ರಿಟನ್ನಿನಲ್ಲಿ ಉಳಿದರೆ ಮಾತ್ರ ಯುರೋಪಿನಲ್ಲಿ ಉಳಿಯುತ್ತೀರಿ ಅಂತ. ಪರಿಣಾಮಗಳು ಬೇರೆಯಾಗುವವರಿಗೆ ಮಾತ್ರವಲ್ಲ, ಉಳಿದವರಿಗೂ ಬರುತ್ತವೆ. ಇದನ್ನು ಮೊದಲ ಎರಡು ನಿಮಿಷದಲ್ಲೇ ಹೇಳು. ಎದುರಿನವರು ಇದಕ್ಕೆ ಉತ್ತರ ಹುಡುಕಲಿ.

ಈಗ ನಾನು ಬಲ್ಲ ವಿಷಯಕ್ಕೆ ಬರುತ್ತೇನೆ. ಕೆಲಸ ಮಾಡುವ ವಯಸ್ಸೆಲ್ಲ ಬ್ಯಾಂಕಿನಲ್ಲಿ ಕಳೆದವಳು ನಾನು. ನನಗೆ ಇಡೀ ಚರ್ಚೆಯ ಗಂಟು ಇರುವುದು ಹಣದಲ್ಲಿ. ಬಡವರಾಗುತ್ತಾರೋ ಶ್ರೀಮಂತರಾಗುತ್ತಾರೋ ಅನ್ನುವುದಕ್ಕಿಂತ ಮೊದಲಿನ ಪ್ರಶ್ನೆ ಇದು: ಬೇರೆಯಾದ ಮಾರನೇ ದಿನ ಗ್ಲಾಸ್ಗೋದ ಒಬ್ಬ ನರ್ಸಿಗೆ ಸಂಬಳ ಯಾವ ಹಣದಲ್ಲಿ ಬರುತ್ತದೆ?

ಅಲ್ಲಿ ಮೂರು ಬ್ಯಾಂಕುಗಳು ತಮ್ಮದೇ ಹೆಸರಿನ ನೋಟು ಹೊರಡಿಸುತ್ತವೆ ಅಂತ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ದೆ ನೀನು. ನೋಡಿದರೆ ಸ್ವಂತ ಹಣ ಅನ್ನಿಸುತ್ತದೆ. ಆದರೆ ಆ ನೋಟುಗಳ ಪೂರ್ತಿ ಮೌಲ್ಯಕ್ಕೆ ಆಧಾರ ಇಟ್ಟಿರಲೇಬೇಕು ಅನ್ನುವ ಕಾನೂನಿದೆ. ಅದಕ್ಕೆಂದೇ ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು ಮಿಲಿಯನ್ ಪೌಂಡಿನ 'ಜೈಂಟ್', ನೂರು ಮಿಲಿಯನ್ ಪೌಂಡಿನ 'ಟೈಟನ್' ಅನ್ನುವ ನೋಟುಗಳನ್ನು ಇಟ್ಟುಕೊಂಡಿದೆ. ಅವು ಅಂಗಡಿಗೆ ಬರುವುದಿಲ್ಲ, ಕಪಾಟಿನಲ್ಲೇ ಇರುತ್ತವೆ. ಅಂದರೆ ಎಡಿನ್‌ಬರೋದ ನೋಟಿನ ಬಲ ಲಂಡನ್ನಿನಲ್ಲಿದೆ. 2008ರಲ್ಲಿ ಎಡಿನ್‌ಬರೋದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮುಳುಗುವ ಸ್ಥಿತಿಗೆ ಬಂದಾಗ ಬ್ರಿಟನ್ ಸರ್ಕಾರ ಸುಮಾರು 45 ಬಿಲಿಯನ್ ಪೌಂಡ್ ಹಾಕಿ ಅದನ್ನು ಉಳಿಸಿತು. ಅಷ್ಟು ಹಣವನ್ನು 55 ಲಕ್ಷದಷ್ಟು ಜನರ ಒಂದು ಹೊಸ ದೇಶ ಒಂಟಿಯಾಗಿ ಎಲ್ಲಿಂದ ತರಬೇಕು?

2014ರಲ್ಲಿ ಸ್ಕಾಟ್ಲೆಂಡಿನ ಸ್ಥಳೀಯ ಸರ್ಕಾರದ ಮುಖ್ಯಸ್ಥರಾಗಿದ್ದ, ಬೇರೆಯಾಗಬೇಕು ಅನ್ನುವವರ ನಾಯಕ ಅಲೆಕ್ಸ್ ಸಾಮಂಡ್ ಪೌಂಡನ್ನು ಇಬ್ಬರೂ ಹಂಚಿಕೊಳ್ಳೋಣ ಅಂದರು. ಆ ವರ್ಷದ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಎಡಿನ್‌ಬರೋಗೇ ಹೋಗಿ ಆಗುವುದಿಲ್ಲ ಅಂದರು. ಆಗಸ್ಟಿನ ಟಿವಿ ಚರ್ಚೆಯಲ್ಲಿ, ಬೇರೆಯಾಗುವುದು ಬೇಡ ಅನ್ನುವವರ ನಾಯಕ ಅಲಿಸ್ಟೇರ್ ಡಾರ್ಲಿಂಗ್, "ಅವರು ಒಪ್ಪದಿದ್ದರೆ ಮುಂದೇನು?" ಅಂತ ಮತ್ತೆ ಮತ್ತೆ ಕೇಳಿದರು. ಸಾಮಂಡ್ ನೇರ ಉತ್ತರ ಕೊಡಲಿಲ್ಲ. ಎರಡನೇ ಚರ್ಚೆಯಲ್ಲಿ ಅವರದೇ ಮೇಲುಗೈ ಆಯಿತು. ಆದರೂ ಆ ಪ್ರಶ್ನೆ ಹಾಗೇ ಉಳಿಯಿತು.

ಕೇಳದೆಯೇ ಪೌಂಡ್ ಬಳಸುವುದು ಇನ್ನೊಂದು ದಾರಿ. ಪನಾಮಾ, ಈಕ್ವೆಡಾರ್ ದೇಶಗಳು ಅಮೆರಿಕದ ಡಾಲರನ್ನೇ ಬಳಸುತ್ತವೆ. ಅದನ್ನು ಯಾರೂ ತಡೆಯಲಾರರು. ಆದರೆ ಬಡ್ಡಿ ದರ ಲಂಡನ್ನಿನವರು ಹೇಳಿದ್ದೇ ಆಗುತ್ತದೆ, ಆ ಮಾತಿನಲ್ಲಿ ನಿಮಗೆ ಪಾಲು ಇರುವುದಿಲ್ಲ. ಈಗ ಇರುವಷ್ಟು ಸ್ವಾತಂತ್ರ್ಯವೂ ಈ ವಿಷಯದಲ್ಲಿ ಉಳಿಯುವುದಿಲ್ಲ. ಇದು ನನಗೆ ಒಪ್ಪಿಗೆಯಾಗದ ದಾರಿ.

ಇನ್ನು ಸ್ವಂತ ಹಣ. ನಿಜವಾದ ದೇಶಕ್ಕೆ ಇದೇ ಸರಿ. ಆದರೆ ಲೆಕ್ಕ ನೋಡು. ಆ ನರ್ಸಿಗೆ ಮನೆ ಸಾಲವಿದೆ, ತಿಂಗಳಿಗೆ 1,000 ಪೌಂಡ್ ಕಂತು. ಸಂಬಳ ಹೊಸ ಹಣದಲ್ಲಿ ಬರುತ್ತದೆ. ಮೊದಲು ಒಂದು ಪೌಂಡಿಗೆ, ಅಂದರೆ 100 ಪೆನ್ನಿಗೆ, ಸಮವಾಗಿದ್ದ ಹೊಸ ಹಣದ ಬೆಲೆ 90 ಪೆನ್ನಿಗೆ ಇಳಿದರೆ ಅದೇ ಕಂತಿಗೆ 1,111 ಕೊಡಬೇಕು. ಸಾಲವನ್ನೂ ಹೊಸ ಹಣಕ್ಕೆ ಬದಲಾಯಿಸಿದರೆ ಆ ನಷ್ಟ ಬ್ಯಾಂಕಿನ ತಲೆಗೆ ಬರುತ್ತದೆ. ಎಲ್ಲೋ ಒಂದು ಕಡೆ ಅದು ಬೀಳಲೇಬೇಕು. ಜನರಿಗೆ ಇದರ ವಾಸನೆ ಬಡಿದರೆ ಠೇವಣಿ ತೆಗೆದು ಗಡಿಯಾಚೆ ಇಡುತ್ತಾರೆ. ಗಾಬರಿಯಾದ ಗ್ರಾಹಕರ ಸಾಲನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಪಾಸ್‌ಬುಕ್ ಹಿಡಿದು ನಿಂತವರಿಗೆ ಯಾವ ಸಮಾಧಾನದ ಮಾತೂ ಕೇಳಿಸುವುದಿಲ್ಲ.

ಬೇರೆಯಾದ ದೇಶಗಳು ಇದನ್ನು ದಾಟಿಲ್ಲವೇ? ದಾಟಿವೆ. ಐರ್ಲೆಂಡ್ 1922ರಲ್ಲಿ ಬೇರೆಯಾಗಿ 1928ರಲ್ಲಿ ತನ್ನ ಹಣ ತಂದಿತು. ಆದರೆ 1979ರವರೆಗೆ ಅದನ್ನು ಬ್ರಿಟಿಷ್ ಪೌಂಡಿಗೆ ಸರಿಸಮವಾಗಿ ಕಟ್ಟಿಹಾಕಿಕೊಂಡಿತ್ತು. ಜೆಕ್ ಮತ್ತು ಸ್ಲೋವಾಕ್ ಜನ 1993ರ ಜನವರಿ 1ರಂದು ಬೇರೆಯಾದಾಗ ಕೆಲವು ತಿಂಗಳು ಒಂದೇ ಹಣ ಇರಲಿ ಅಂದುಕೊಂಡಿದ್ದರು. ಫೆಬ್ರವರಿಯಲ್ಲೇ ಅದು ಮುರಿಯಿತು. ನಮ್ಮಲ್ಲೂ ಆಯಿತಲ್ಲ. ದೇಶ ವಿಭಜನೆಯಾದ ಮೇಲೆ 1948ರ ಜೂನ್ ಕೊನೆಯವರೆಗೆ ಪಾಕಿಸ್ತಾನಕ್ಕೂ ನಮ್ಮ ರಿಸರ್ವ್ ಬ್ಯಾಂಕೇ ಕೇಂದ್ರ ಬ್ಯಾಂಕು. ನಮ್ಮ ನೋಟಿನ ಮೇಲೆಯೇ ಅವರ ಸರ್ಕಾರದ ಹೆಸರು ಅಚ್ಚು ಹಾಕಿ ಕೊಡುತ್ತಿದ್ದರು. ಪಾಕಿಸ್ತಾನಕ್ಕೆ ಕೊಡಬೇಕಿದ್ದ 55 ಕೋಟಿ ರೂಪಾಯಿಯ ವಿಷಯ ಎಷ್ಟು ಕಹಿಯಾಯಿತು ಅಂತ ನೀನೂ ಓದಿದ್ದೀಯ. ಸ್ಕಾಟ್ಲೆಂಡಿನಲ್ಲಿ ಅಂಥ ರಕ್ತಪಾತದ ನೆರಳೂ ಇಲ್ಲ, ಅದು ದೊಡ್ಡ ಪುಣ್ಯ. ಆದರೆ ಸಾಲದಲ್ಲಿ ಯಾರ ಪಾಲು ಎಷ್ಟು, ಪಿಂಚಣಿ ಯಾರು ಕೊಡಬೇಕು ಅನ್ನುವ ಜಗಳ ಅವರಿಗೂ ತಪ್ಪುವುದಿಲ್ಲ.

ಉತ್ತರ ಸಮುದ್ರದಲ್ಲಿ ಕಚ್ಚಾ ಎಣ್ಣೆ ಇದೆಯಲ್ಲ ಅನ್ನುತ್ತೀಯ. ಅದರ ಕಥೆ ಬೇಸರದ್ದು. 2013ರ ನವೆಂಬರಿನಲ್ಲಿ ಸ್ಕಾಟಿಷ್ ಸರ್ಕಾರ ಸ್ವತಂತ್ರ ದೇಶದ ಯೋಜನೆಯನ್ನು ದಪ್ಪ ಪುಸ್ತಕವಾಗಿ ತಂದಿತು. ಬ್ಯಾರೆಲ್ಲಿಗೆ 110 ಡಾಲರಿನ ಸುತ್ತಮುತ್ತ ಲೆಕ್ಕ ಹಿಡಿದಿದ್ದರು. ಸ್ವತಂತ್ರವಾಗುವ ದಿನ 2016ರ ಮಾರ್ಚ್ 24 ಅಂತಲೂ ಬರೆದಿದ್ದರು. ಆ ವರ್ಷದ ಜನವರಿಯಲ್ಲಿ ಎಣ್ಣೆ 30 ಡಾಲರಿಗಿಂತ ಕೆಳಗೆ ಇಳಿಯಿತು. 2015-16ರಲ್ಲಿ ಸ್ಕಾಟ್ಲೆಂಡಿನ ಪಾಲಿಗೆ ಬಂದ ಎಣ್ಣೆ ತೆರಿಗೆ ಆಗಿನ ಸರ್ಕಾರಿ ಲೆಕ್ಕದಲ್ಲಿ ಬರೀ 60 ಮಿಲಿಯನ್ ಪೌಂಡ್. ಬಿಲಿಯನ್ ಅಲ್ಲ, ಮಿಲಿಯನ್.

ಆದರೆ ಇದರ ಹಿಂದೆ ಒಂದು ಅನ್ಯಾಯವೂ ಇದೆ, ಅದನ್ನು ಬಿಡಬೇಡ. 1970ರ ದಶಕದಲ್ಲಿ ಗ್ಯಾವಿನ್ ಮೆಕ್ರೋನ್ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞ, ಎಣ್ಣೆಯಿಂದ ಸ್ವತಂತ್ರ ಸ್ಕಾಟ್ಲೆಂಡಿಗೆ ಕೈತುಂಬ ಹಣ ಮಿಗುತ್ತದೆ ಅಂತ ವರದಿ ಬರೆದಿದ್ದರು. ಅದನ್ನು ಗುಟ್ಟಾಗಿ ಇಟ್ಟರು. ಹೊರಗೆ ಬಂದದ್ದು 2005ರಲ್ಲಿ. ಆ ಹೊತ್ತಿಗೆ ಒಳ್ಳೆಯ ವರ್ಷಗಳೆಲ್ಲ ಮುಗಿದಿದ್ದವು. ಪಕ್ಕದ ನಾರ್ವೆ ತನ್ನ ಎಣ್ಣೆ ಹಣವನ್ನು ನಿಧಿ ಮಾಡಿ ಮಕ್ಕಳು ಮೊಮ್ಮಕ್ಕಳಿಗೆ ಇಟ್ಟಿದೆ. ಬ್ರಿಟನ್ ಅಂಥದ್ದೇನೂ ಮಾಡಲಿಲ್ಲ. ಅಲ್ಲಿನ ಹಿರಿಯರಿಗೆ ಇದರ ಬಗ್ಗೆ ಸಿಟ್ಟಿದ್ದರೆ ಅದು ನ್ಯಾಯವಾದ ಸಿಟ್ಟು.

ಈಗಿನ ಸ್ಥಿತಿ ಏನು? 2023-24ರಲ್ಲಿ ಸ್ಕಾಟ್ಲೆಂಡಿನ ಆದಾಯಕ್ಕಿಂತ ಖರ್ಚು ಎಷ್ಟು ಜಾಸ್ತಿ ಅಂದರೆ, ಅಲ್ಲಿನ ಜಿಡಿಪಿಯ ಶೇಕಡಾ 10.4. ಇಡೀ ಬ್ರಿಟನ್ನಿಗೆ ಅದು 4.5 ಇತ್ತು. ಎದುರಿನವರು ಈ ಅಂಕಿಯನ್ನು ಖಂಡಿತ ಎತ್ತುತ್ತಾರೆ. ಲಂಡನ್ ಕೈಯಲ್ಲಿ ದೊಡ್ಡ ತೀರ್ಮಾನಗಳಿರುವಾಗಿನ ಲೆಕ್ಕ ಇದು, ಸ್ವತಂತ್ರ ದೇಶ ಬೇರೆ ರೀತಿ ಖರ್ಚು ಮಾಡಬಹುದು ಅನ್ನುವುದು ನಿನ್ನ ಉತ್ತರ. ಸರಿಯೇ. ಆದರೆ ಎಲ್ಲಿ ಕಡಿಮೆ ಮಾಡುತ್ತೀರಿ ಅಂತಲೂ ಹೇಳಬೇಕು. ಅಲ್ಲಿನ ಮಕ್ಕಳಿಗೆ ಕಾಲೇಜಿನ ಫೀಸಿಲ್ಲ, ಡಾಕ್ಟರ್ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. ಅವೆಲ್ಲ ಉಳಿಯಬೇಕಾದರೆ ತೆರಿಗೆ ಏರಬೇಕು, ಇಲ್ಲ ಸಾಲ ಸಿಗಬೇಕು.

ಯುರೋಪ್ ಒಕ್ಕೂಟಕ್ಕೆ ಮತ್ತೆ ಸೇರಿದರೆ ಇಂಗ್ಲೆಂಡಿನ ಗಡಿಯೇ ಯುರೋಪಿನ ಗಡಿಯಾಗುತ್ತದೆ. ಅವರು ಹೊರಗೆ ಮಾರುವುದರಲ್ಲಿ ಸುಮಾರು ಶೇಕಡಾ 60 ಹೋಗುವುದು ಬ್ರಿಟನ್ನಿನ ಉಳಿದ ಭಾಗಕ್ಕೆ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳು ಸ್ಕಾಟ್ಲೆಂಡಿನ ಫಸ್ಲೇನ್ ನೌಕಾನೆಲೆಯಲ್ಲಿವೆ, ಅವುಗಳ ಗಲಾಟೆ ಬೇರೆ. ಅದರ ಬಗ್ಗೆ ನಿನ್ನ ಗೆಳೆಯರಿಗೇ ನನಗಿಂತ ಜಾಸ್ತಿ ಗೊತ್ತಿರುತ್ತದೆ.

ಹಾಗಾದರೆ ನಾನು ಯಾವ ಕಡೆ? ಅಲ್ಲಿನ ಜನ ತೀರ್ಮಾನಿಸುವ ಹಕ್ಕಿನ ಕಡೆ. 2014ರ ಸೆಪ್ಟೆಂಬರ್ 18ರಂದು ಶೇಕಡಾ 84.6ರಷ್ಟು ಮತದಾನವಾಯಿತು, 16 ವರ್ಷದ ಮಕ್ಕಳೂ ಓಟು ಹಾಕಿದರು, ಒಂದು ಗುಂಡು ಹಾರಲಿಲ್ಲ. ಬೇಡ ಅಂದವರು 55.3, ಬೇಕು ಅಂದವರು 44.7. ಒಂದು ದೇಶ ತನ್ನ ಅಸ್ತಿತ್ವವನ್ನೇ ಹೀಗೆ ಕೂತು ಮಾತಾಡಿ ಎಣಿಸಿದ್ದು ಎಷ್ಟು ದೊಡ್ಡ ವಿಷಯ! 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ಲಂಡನ್ ಒಪ್ಪಿಗೆಯಿಲ್ಲದೆ, ಸ್ಕಾಟ್ಲೆಂಡಿನ ಒಳಾಡಳಿತಕ್ಕೆ ಈಗ ಇರುವ ಸ್ಕಾಟಿಷ್ ಪಾರ್ಲಿಮೆಂಟ್ ಮತ್ತೆ ಜನಮತ ನಡೆಸುವಂತಿಲ್ಲ ಅಂದಿತು. ಕಾನೂನು ಹಾಗಿರಬಹುದು. ಉತ್ತರ ಐರ್ಲೆಂಡಿಗೆ 1998ರ ಒಪ್ಪಂದದಲ್ಲಿ ಹೊರಗೆ ಹೋಗುವ ಬಾಗಿಲು ಇಟ್ಟಿದ್ದಾರೆ. ಒಪ್ಪಿ ಸೇರಿದ ಸ್ಕಾಟ್ಲೆಂಡಿಗೆ ಅದು ಯಾಕಿಲ್ಲ? ಇದನ್ನು ನೀನು ಗಟ್ಟಿಯಾಗಿ ಕೇಳಬೇಕು.

ಆದರೆ ಬೇರೆಯಾದ ತಕ್ಷಣ ಎಲ್ಲ ಚೆನ್ನಾಗಿರುತ್ತದೆ ಅಂತ ಮಾತ್ರ ಹೇಳಬೇಡ, ಪುಟ್ಟಿ. "ಮೊದಲ ಹತ್ತು ವರ್ಷ ಕಷ್ಟ ಇರುತ್ತದೆ, ಹಣದ ಬೆಲೆ ಇಳಿಯಬಹುದು, ತೆರಿಗೆ ಏರಬಹುದು, ಗೊತ್ತಿದ್ದೂ ಇದು ಬೇಕು ಅನ್ನುತ್ತಿದ್ದೇವೆ" ಅನ್ನು. ಹಾಗೆ ಹೇಳುವವರನ್ನು ನಾನು ನಂಬುತ್ತೇನೆ.

ನಿನಗೂ ಇದರಲ್ಲಿ ಪಾಲಿದೆ. ಈಗ ವೀಸಾ ಕೊಡುವುದು ಲಂಡನ್. ಗ್ಲಾಸ್ಗೋದಲ್ಲಿ ಓದಿ ಮ್ಯಾಂಚೆಸ್ಟರಿನಲ್ಲಿ ಕೆಲಸ ಹುಡುಕಬಹುದು. ಎರಡು ದೇಶಗಳಾದರೆ ಹಾಗಾಗದೆ ಇರಬಹುದು. ಬ್ರಿಟನ್ನಿನ ವೀಸಾ ಇಟ್ಟುಕೊಂಡು ಡಬ್ಲಿನ್ನಿನಲ್ಲಿ ಕೆಲಸ ಮಾಡಲು ಈಗಲೂ ಆಗುವುದಿಲ್ಲವಲ್ಲ. ಇನ್ನೊಂದು ಕಡೆ, ಹೊರಗಿನಿಂದ ಜನ ಬರಲಿ ಅನ್ನುವ ಮಾತು ಲಂಡನ್ನಿಗಿಂತ ಎಡಿನ್‌ಬರೋದಲ್ಲೇ ಜಾಸ್ತಿ ಕೇಳುತ್ತದೆ.

2014ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವರಿಗೆ ಓಟಿರಲಿಲ್ಲ. ಗ್ಲಾಸ್ಗೋದಲ್ಲಿ ವಾಸವಿದ್ದ ಭಾರತೀಯರಿಗೆ, ಕಾಮನ್‌ವೆಲ್ತ್ ದೇಶದವರು ಅನ್ನುವ ಕಾರಣಕ್ಕೆ, ಇತ್ತು. ಅಲ್ಲಿ ಬದುಕುವವರೇ ತೀರ್ಮಾನಿಸಲಿ ಅನ್ನುವ ಆ ನಡೆ ನನಗೆ ತುಂಬ ಇಷ್ಟವಾಯಿತು. ಸ್ಕಾಟಿಷ್ ಪಾರ್ಲಿಮೆಂಟಿನ ಚುನಾವಣೆಯಲ್ಲಿ ನೀನೂ ಓಟು ಹಾಕಬಹುದು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡಿದ್ದೀಯಾ? ಇಲ್ಲದಿದ್ದರೆ ಈ ವಾರವೇ ಆ ಕೆಲಸ ಮಾಡು. ಚರ್ಚೆ ಹೇಗಾಯಿತು ಅಂತ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತಿ ನಿನ್ನ,
ಅಮ್ಮ