ಚರ್ಚ್ ಭಿತ್ತಿಚಿತ್ರಗಳ ಜತೆಗೆ ಕಾಯುವವರ ಬದುಕೂ ಮುಖ್ಯ

ಮಾನ್ಯರೇ,

ಪುರಾತನ ಚರ್ಚ್‌ಗಳ ಭಿತ್ತಿಚಿತ್ರಗಳ ಸಂರಕ್ಷಣೆಗೆ ಹಣ ಕೇಳಿದಾಗಲೆಲ್ಲ, ಪಕ್ಕದಲ್ಲೇ ಜನ ಹಸಿದಿರುವಾಗ ಗೋಡೆಗೆ ಖರ್ಚು ಮಾಡುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಚಿತ್ರಗಳು ಹೇಗೆ ಹಾಳಾಗುತ್ತವೆ ಎಂಬುದನ್ನು ಬಲ್ಲವರು ಎರಡನ್ನೂ ಬೇರೆ ಬೇರೆ ಮಾಡಿ ನೋಡಲಾರರು.

ಭಿತ್ತಿಚಿತ್ರಕ್ಕೆ ದೊಡ್ಡ ಶತ್ರು ತೇವ. ಒಡೆದ ಹೆಂಚಿನಿಂದಲೋ ಕಸ ಕಟ್ಟಿಕೊಂಡ ಮಳೆನೀರಿನ ಕೊಳವೆಯಿಂದಲೋ ಇಳಿದ ನೀರು ಗೋಡೆಯೊಳಗಿನ ಲವಣಗಳನ್ನು ಕರಗಿಸಿ ಮೇಲ್ಮೈಗೆ ತರುತ್ತದೆ. ಗೋಡೆ ಒಣಗಿದಾಗ ಅವು ಹರಳುಗಟ್ಟಿ ಬಣ್ಣದ ಪದರವನ್ನು ಹಿಟ್ಟಿನಂತೆ ಉದುರಿಸುತ್ತವೆ. ಸಿಮೆಂಟ್ ಗಾರೆ ಬಳಿದರಂತೂ ತೇವಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಲವು ಚರ್ಚ್‌ಗಳಲ್ಲಿ ಮಧ್ಯಯುಗದ ಚಿತ್ರಗಳನ್ನು ಕಾಪಾಡಲೆಂದೇ ಮೇಣ ಸವರಿದರು. ಆ ಮೇಣ ತೇವವನ್ನು ಒಳಗೇ ಹಿಡಿದಿಟ್ಟು, ಧೂಳು ಅಂಟಿಸಿಕೊಂಡು, ಚಿತ್ರಗಳನ್ನು ಕಪ್ಪಾಗಿಸಿತು. ಅದೇ ನಾಡಿನಲ್ಲಿ 16ನೇ ಶತಮಾನದಲ್ಲಿ, ಪ್ರಾಟೆಸ್ಟಂಟ್ ಪಂಥ ಹುಟ್ಟಿದ ಮತಸುಧಾರಣೆಯ ಕಾಲದಲ್ಲಿ, ಚಿತ್ರಗಳನ್ನು ಮರೆಮಾಡಲು ಬಳಿದ ಸಾಧಾರಣ ಸುಣ್ಣ ಎಷ್ಟೋ ಚಿತ್ರಗಳನ್ನು ಉಳಿಸಿಕೊಟ್ಟಿದೆ.

ಬಣ್ಣದ ಪದರವನ್ನು ಮುಟ್ಟುವ ಕೆಲಸ ನುರಿತ ಸಂರಕ್ಷಕರದ್ದೇ, ಅದರಲ್ಲಿ ರಾಜಿ ಬೇಡ. ಆದರೆ ಅವರು ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಪ್ರತಿ ಮಳೆಯ ನಂತರ ಕೊಳವೆ ಸ್ವಚ್ಛಗೊಳಿಸುವ, ಗೋಡೆಯ ಮೇಲೆ ಮೂಡಿದ ಹೊಸ ಕಲೆಯನ್ನು ಮೊದಲು ಗುರುತಿಸುವ ಕಣ್ಣು ಹತ್ತಿರದವರದ್ದೇ ಆಗಿರಬೇಕು. ಆದ್ದರಿಂದ ಸುತ್ತಲಿನ ನಿರುದ್ಯೋಗಿಗಳಿಗೆ ಸುಣ್ಣಗಾರೆಯ ಕೆಲಸವನ್ನೂ ಕಟ್ಟಡದ ನಿತ್ಯ ನಿರ್ವಹಣೆಯನ್ನೂ ಕಲಿಸಿ, ಅವರಿಗೆ ಖಾಯಂ ಸಂಬಳ ಕೊಡುವುದು ದಾನವಲ್ಲ, ಸಂರಕ್ಷಣೆಯ ಮುಖ್ಯ ಭಾಗ. ಇಥಿಯೋಪಿಯದ ಟಿಗ್ರೇ ಪ್ರಾಂತ್ಯದಲ್ಲಿ ಬಂಡೆ ಕೊರೆದು ಮಾಡಿದ ಚರ್ಚ್‌ಗಳ ಚಿತ್ರಗಳನ್ನು ತಲೆಮಾರುಗಳಿಂದ ಕಾಯ್ದವರು ಅಲ್ಲಿನ ಪಾದ್ರಿಗಳು ಮತ್ತು ಹಳ್ಳಿಗರು. 2020ರಿಂದ 2022ರವರೆಗಿನ ಯುದ್ಧ ಆ ಪ್ರಾಂತ್ಯದ ಲಕ್ಷಾಂತರ ಜನರನ್ನು ನಿರಾಶ್ರಿತರನ್ನಾಗಿಸಿತು. ಅಂಥಲ್ಲಿ ಜನರಿಗೆ ಅನ್ನ, ಸೂರು ಒದಗಿಸದೆ ಚಿತ್ರಗಳ ಮಾತಾಡುವುದು ಹೃದಯಹೀನತೆಯಷ್ಟೇ ಅಲ್ಲ, ನಿಷ್ಫಲವೂ ಹೌದು.

ಬಡವರಿಗೆ ಊಟ ಬಡಿಸುವ, ರಾತ್ರಿ ಆಶ್ರಯ ನೀಡುವ ಚರ್ಚ್‌ಗಳ ಬಾಗಿಲನ್ನು ಚಿತ್ರಗಳ ನೆಪದಲ್ಲಿ ಮುಚ್ಚಿಸುವ ಯೋಚನೆಯೂ ನನಗೆ ಒಪ್ಪಿಗೆಯಿಲ್ಲ. ಅಡುಗೆಯ ಹಬೆ ಮತ್ತು ದಿಢೀರನೆ ಏರಿಳಿಯುವ ಶಾಖದಿಂದ ಚಿತ್ರಗಳಿಗೆ ಹಾನಿಯಿರುವುದು ನಿಜ. ಅದಕ್ಕಾಗಿ ಒಲೆಯನ್ನು ಬೇರೆ ಕೋಣೆಗೆ ಸಾಗಿಸಬಹುದು, ಶಾಖವನ್ನು ಹದವಾಗಿ, ಒಂದೇ ಸಮನಾಗಿ ಇಡಬಹುದು, ಗಾಳಿಯಾಡಲು ಅನುವು ಮಾಡಬಹುದು. ಅನುದಾನ ನೀಡುವ ಸಂಸ್ಥೆಗಳು ಈ ಮಾರ್ಪಾಡುಗಳ ವೆಚ್ಚವನ್ನೂ, ದುರಸ್ತಿ ಮುಗಿದು ಸಾರುವೆ ಬಿಚ್ಚಿದ ನಂತರ ಕಟ್ಟಡ ನೋಡಿಕೊಳ್ಳುವ ಸ್ಥಳೀಯರ ಸಂಬಳವನ್ನೂ ಮೂಲ ಯೋಜನೆಯಲ್ಲೇ ಸೇರಿಸಬೇಕೆಂದು ಆಗ್ರಹಿಸುತ್ತೇನೆ.

ಇಂತಿ,
ಓರ್ವ ಓದುಗ