ಹಳೇ ಪತ್ರಿಕೆ ಓದುತ್ತಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನ ಪ್ರಬಂಧದ ಮೊದಲ ಅಧ್ಯಾಯ ಓದಿದೆ. ಶ್ರೀರಂಗಪಟ್ಟಣದ ಕೊನೆಯ ಯುದ್ಧವನ್ನು ಆ ಕಾಲದ ಲಂಡನ್ ಪತ್ರಿಕೆಗಳ ಮೂಲಕ ನೋಡಬೇಕು ಅನ್ನುವ ಯೋಚನೆ ನನಗೆ ತುಂಬಾ ಹಿಡಿಸಿತು. ಆದರೆ ಒಂದು ಮಾತು ಹೇಳಲೇಬೇಕು. ಭಾರತದಿಂದ ಬಂದ ‘ಇಂಟೆಲಿಜೆನ್ಸ್’ ಅಂತ ಪತ್ರಿಕೆಯಲ್ಲಿ ಇದ್ದುದನ್ನು ನೀನು ಗೂಢಚಾರರ ವರದಿ ಅಂತ ತಿಳಿದು, ಅದರ ಮೇಲೆ ಎರಡು ಪುಟ ವಾದ ಕಟ್ಟಿದ್ದೀಯ. ಗೈಡ್‌ಗೆ ಕಳಿಸುವ ಮುಂಚೆ ಅದನ್ನು ತೆಗೆದುಬಿಡು. ಅಲ್ಲಿ ಅದರ ಅರ್ಥ ಬರೀ ಸುದ್ದಿ, ಅಷ್ಟೇ.

ಆಗಿನ ಪತ್ರಿಕೆಗಳಲ್ಲಿ ಈ ಪದ ಎಲ್ಲೆಲ್ಲೂ ಇರುತ್ತಿತ್ತು. 1663ರಲ್ಲೇ ಲಂಡನ್ನಿನಲ್ಲಿ ರೋಜರ್ ಲೆಸ್ಟ್ರೇಂಜ್ ‘ದಿ ಇಂಟೆಲಿಜೆನ್ಸರ್’ ಅನ್ನುವ ಪತ್ರಿಕೆ ತಂದ. ಅಚ್ಚಿನ ಮೇಲೆ ಸರ್ಕಾರದ ಪರವಾಗಿ ಕಣ್ಣಿಡುತ್ತಿದ್ದವನೂ ಅವನೇ, ಗಮನಿಸು. 1800ರಲ್ಲಿ ವಾಷಿಂಗ್ಟನ್ನಿನಲ್ಲಿ ‘ನ್ಯಾಷನಲ್ ಇಂಟೆಲಿಜೆನ್ಸರ್’ ಶುರುವಾಯಿತು. 19ನೇ ಶತಮಾನದ ‘ದಿ ಟೈಮ್ಸ್’ ತೆರೆದು ನೋಡು: ಸೇನೆಯ ಸುದ್ದಿ, ವಿಶ್ವವಿದ್ಯಾಲಯದ ಸುದ್ದಿ, ಚರ್ಚಿನ ಸುದ್ದಿ, ಹಣದ ಪೇಟೆಯ ಸುದ್ದಿ, ಎಲ್ಲದರ ತಲೆಬರಹದಲ್ಲೂ ಇದೇ ಪದ. ಟೆಲಿಗ್ರಾಫ್‌ನಲ್ಲಿ ಬಂದದ್ದಕ್ಕೆ ‘ಲೇಟೆಸ್ಟ್ ಇಂಟೆಲಿಜೆನ್ಸ್’. ಅಮೆರಿಕದಲ್ಲಂತೂ ಮನೆಗೆಲಸದವರನ್ನು ಹುಡುಕಿಕೊಡುವ ಕಚೇರಿಗೇ ‘ಇಂಟೆಲಿಜೆನ್ಸ್ ಆಫೀಸ್’ ಅನ್ನುತ್ತಿದ್ದರು. ಜಾಹೀರಾತಿನಲ್ಲಿ ಅದು ಕಂಡರೆ ಗಾಬರಿಯಾಗಬೇಡ.

‘ಶಿಪ್ಪಿಂಗ್ ಇಂಟೆಲಿಜೆನ್ಸ್’ ಅಂಕಣವನ್ನು ಮಾತ್ರ ಸುಮ್ನೆ ದಾಟಿಹೋಗಬೇಡ. ಸಣ್ಣ ಅಕ್ಷರದಲ್ಲಿ ಹಡಗಿನ ಹೆಸರು, ಕಪ್ತಾನನ ಹೆಸರು, ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಅಂತ ಸಾಲುಸಾಲಾಗಿ ಇರುತ್ತದೆ, ನೋಡೋಕೆ ಬೇಜಾರು. ಆದರೆ ಭಾರತದ ಸುದ್ದಿಯನ್ನು ಹೊತ್ತು ತರುತ್ತಿದ್ದದ್ದೇ ಆ ಹಡಗುಗಳು. ಟಿಪ್ಪು ಸತ್ತದ್ದು 1799ರ ಮೇ 4ರಂದು. ಅದು ಲಂಡನ್ ತಲುಪಿದ್ದು ಸೆಪ್ಟೆಂಬರ್‌ನಲ್ಲಿ. ಅಂದರೆ ಜುಲೈ, ಆಗಸ್ಟ್ ತಿಂಗಳ ಪತ್ರಿಕೆಗಳ ಪಾಲಿಗೆ ಅವನು ಇನ್ನೂ ಬದುಕಿದ್ದಾನೆ. ಹಾಗಾಗಿ ಪತ್ರಿಕೆಯ ತಾರೀಖು ಬೇರೆ, ಒಳಗೆ ಅಚ್ಚಾದ, ಭಾರತದಿಂದ ಬಂದ ಪತ್ರದ ತಾರೀಖು ಬೇರೆ. ಎರಡನ್ನೂ ಬರೆದಿಟ್ಟುಕೋ.

ಗೂಢಚಾರಿಕೆ ಅನ್ನುವ ಅರ್ಥ ಆಗ ಇರಲಿಲ್ಲ ಅಂತ ಅಲ್ಲ. ಸೇನಾಧಿಕಾರಿಗಳ ಪತ್ರಗಳಲ್ಲಿ ಅದೂ ಸಿಗುತ್ತದೆ. ನಮ್ಮ ‘ಹರಿಕಾರ’ ಇದ್ದಾನಲ್ಲ, ಈಗ ಹೊಸ ದಾರಿ ಹಾಕಿಕೊಟ್ಟವರನ್ನು ಹಾಗೆ ಹೊಗಳುತ್ತೇವೆ. ಆ ಕಾಲದಲ್ಲಿ ಓಲೆ ಒಯ್ಯುತ್ತಿದ್ದವನೂ ಅವನೇ, ಶತ್ರುವಿನ ಪಾಳೆಯದ ಗುಟ್ಟು ತರುತ್ತಿದ್ದವನೂ ಅವನೇ. ಸುದ್ದಿ ಮತ್ತು ಬೇಹುಗಾರಿಕೆ ಅಷ್ಟು ಹತ್ತಿರ ಇದ್ದವು. ಅದಕ್ಕೇ ಪ್ರತಿ ಸಲವೂ ಸುತ್ತಲಿನ ಸಾಲು ಓದು: ಯಾರು ಬರೆದದ್ದು, ಯಾರಿಗೆ, ಅಚ್ಚಿಗೆ ಅಂತ ಬರೆದದ್ದಾ, ಮುಚ್ಚಿದ ಲಕೋಟೆಯಲ್ಲಿ ಹೋದದ್ದಾ? ಸುದ್ದಿ ‘ತಲುಪಿತು’, ‘ಬಂತು’ ಅನ್ನುವ ಕ್ರಿಯಾಪದ ಜೊತೆಗಿದ್ದು ತಲೆಬರಹದಲ್ಲಿ ಊರಿನ ಹೆಸರಿದ್ದರೆ, ಸಾಮಾನ್ಯವಾಗಿ ಅದು ಸುದ್ದಿಯೇ.

ಇನ್ನೊಂದು ವಿಷಯ. ಕಂಪ್ಯೂಟರ್‌ನಲ್ಲಿ ಹುಡುಕುವಾಗ ಈಗಿನ ಕಾಗುಣಿತ ಹಾಕಿದರೆ ಜಾಸ್ತಿ ಏನೂ ಸಿಗಲ್ಲ. ‘ಟಿಪ್ಪೂ ಸಾಯಿಬ್’, ‘ಸೆರಿಂಗಪಟಮ್’ ಅಂತ ಅವರು ಬರೆಯುತ್ತಿದ್ದ ರೀತಿಯಲ್ಲೇ ಹುಡುಕು. ಆಗಿನ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಉದ್ದಕ್ಕೆ, ಹೆಚ್ಚುಕಡಿಮೆ ‘ಎಫ್’ ಥರ ಇರುತ್ತಿತ್ತು. ‘ದಿ ಟೈಮ್ಸ್’ ಅದನ್ನು ಕೈಬಿಟ್ಟದ್ದು 1803ರಲ್ಲಿ. ಯಂತ್ರ ಅದನ್ನು ತಪ್ಪಾಗಿ ಓದಿದರೆ ಮೈಸೂರು ‘ಮೈಫೋರ್’ ಆಗಿಬಿಡುತ್ತದೆ. ಆ ತಪ್ಪು ರೂಪದಲ್ಲೂ ಒಮ್ಮೆ ಹುಡುಕಿ ನೋಡು.

ಆ ಎರಡು ಪುಟ ಹೋದರೆ ಅಧ್ಯಾಯ ಬಡವಾಗುತ್ತದೆ ಅಂತ ಬೇಸರ ಮಾಡ್ಕೋಬೇಡ. ಸುದ್ದಿ ಯಾವ ಹಡಗಿನಲ್ಲಿ ಬಂತು, ಬರೋ ತನಕ ಲಂಡನ್ ಏನಂದುಕೊಂಡಿತ್ತು ಅನ್ನೋದನ್ನು ಅಲ್ಲಿ ಬರೆ. ಮುಗಿದ ತಕ್ಷಣ ಕಳಿಸು, ರಾತ್ರಿಯಾದರೂ ಕೂತು ಓದುತ್ತೇನೆ.

ನಿನ್ನ ದೊಡ್ಡಪ್ಪ