ಆಷಾಢದಲ್ಲಿ ಇವರು ಎಲ್ಲಿ ಮಲಗಬೇಕು? ಶಿವಮೊಗ್ಗ ನಗರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಗರದ ಆಶ್ರಯ ಸಮಿತಿಗೆ ನೀವೇ ಅಧ್ಯಕ್ಷರು. ಮನೆ ಯಾರಿಗೆ ಸಿಗಬೇಕು ಅನ್ನುವ ಮಾತು ನಿಮ್ಮ ಮುಂದೆಯೇ ನಡೆಯುತ್ತದೆ. ಅದಕ್ಕೇ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ. ಮನೆ ಕಳೆದುಕೊಂಡು ಬೀದಿ ಕಂಡು, ಈಗ ಹೇಗೋ ದುಡಿದು ತಿನ್ನುತ್ತಿರುವ ಹೆಂಗಸರು ನಮ್ಮೂರಲ್ಲಿ ಇದ್ದಾರೆ. ಅವರಿಗೆ ಕೈಗೆಟುಕುವ ಬಾಡಿಗೆಗೆ ಸರ್ಕಾರದ ಮನೆಗಳು ಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಬಾಗಿಲು ಬೇಕು. ಕಷ್ಟ ಸುಖ ವಿಚಾರಿಸಲು, ಕಚೇರಿ ಕೆಲಸಕ್ಕೆ ಜೊತೆಗೆ ಬರಲು ಒಬ್ಬ ಕೆಲಸಗಾರ್ತಿ ಬೇಕು. ನಾನು ಕೇಳುತ್ತಿರುವುದು ಇಷ್ಟೇ.

ನಾನು ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ವಹಿಸಿಕೊಂಡು ಮಾಡುವವಳು. ನಮ್ಮ ತಂಡದಲ್ಲಿ ತರಕಾರಿ ಹೆಚ್ಚುವವರು, ಹೋಳಿಗೆ ತಟ್ಟುವವರು, ಬಡಿಸುವವರು, ಪಾತ್ರೆ ತೊಳೆಯುವವರು ಜಾಸ್ತಿ ಹೆಂಗಸರೇ. ಅವರಲ್ಲಿ ಕೆಲವರಿಗೆ ಮನೆ ಇಲ್ಲ ಅನ್ನುವುದು ನನಗೆ ತಿಳಿದದ್ದು ಆಷಾಢದಲ್ಲಿ. ಮದುವೆ ಸೀಸನ್ನಿನಲ್ಲಿ ಗೊತ್ತೇ ಆಗುವುದಿಲ್ಲ. ರಾತ್ರಿ ಪಾತ್ರೆ ತೊಳೆದು ಮುಗಿಸುವಾಗ ಹನ್ನೆರಡು ದಾಟಿರುತ್ತದೆ. ಬೆಳಗ್ಗೆ ನಾಲ್ಕಕ್ಕೆ ಮತ್ತೆ ಒಲೆ ಹಚ್ಚಬೇಕು. ಎಲ್ಲರೂ ಛತ್ರದ ಉಗ್ರಾಣದಲ್ಲೇ ಅಕ್ಕಿ ಮೂಟೆ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಾರೆ. ಈ ಛತ್ರದ ಮದುವೆ ಮುಗಿದರೆ ಆ ಛತ್ರ. ಯಾರು ಮನೆಗೆ ಹೋದರು, ಯಾರು ಹೋಗಲಿಲ್ಲ ಅಂತ ಯಾರೂ ನೋಡುವುದಿಲ್ಲ.

ಆಷಾಢ ಬಂತು ಅಂದರೆ ಮುಹೂರ್ತ ಇಲ್ಲ. ಛತ್ರಕ್ಕೆ ಬೀಗ. ಮಲೆನಾಡಿನಲ್ಲಿ ಮಳೆ ಹಿಡಿದು ಹೊಯ್ಯುವುದೂ ಅದೇ ತಿಂಗಳಲ್ಲಿ. ತುಂಗೆ ಕೆಂಪಾಗಿ ದಡ ಮುಟ್ಟಿ ಹರಿಯುವಾಗ ನಾವೆಲ್ಲ ಸೇತುವೆ ಮೇಲೆ ನಿಂತು ನೋಡಿ ಬರುತ್ತೇವೆ. ಅದೇ ಹೊತ್ತಿನಲ್ಲಿ ಈ ಹೆಂಗಸರು ಕೂಲಿಯನ್ನೂ ಸೂರನ್ನೂ ಒಟ್ಟಿಗೆ ಕಳೆದುಕೊಂಡಿರುತ್ತಾರೆ. ನಮ್ಮ ತಂಡದ ಒಬ್ಬರು ಒಂದು ಮಳೆಗಾಲವನ್ನು ಕಳೆದ ರೀತಿಯನ್ನು ಆಮೇಲೆ ನನಗೆ ಹೇಳಿದರು. ಕೆಲವು ರಾತ್ರಿ ದೊಡ್ಡಾಸ್ಪತ್ರೆಯ ವಾರ್ಡಿನ ಹೊರಗೆ, ರೋಗಿಯ ಕಡೆಯವರ ಹಾಗೆ, ಪಕ್ಕದಲ್ಲೊಂದು ಫ್ಲಾಸ್ಕ್ ಇಟ್ಟುಕೊಂಡು. ಫ್ಲಾಸ್ಕ್ ಇದ್ದರೆ ಯಾರೂ ಎಬ್ಬಿಸುವುದಿಲ್ಲವಂತೆ. ಕೆಲವು ರಾತ್ರಿ ಬಸ್ಸಿನಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚಿಲ್ಲ. ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಇಳಿದು, ಮುಖ ತೊಳೆದು, ಮತ್ತೆ ಇನ್ನೊಂದು ಬಸ್ಸಿನಲ್ಲಿ ವಾಪಸ್. ಕುಳಿತೇ ನಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಮಾತ್ರ ಸ್ವಲ್ಪ ನಿದ್ದೆ ಬರುತ್ತಿತ್ತು, ಇಲ್ಲದಿದ್ದರೆ ಪಕ್ಕದವರ ಭಯ ಅಂದರು.

ಅವರು ಭಿಕ್ಷೆ ಬೇಡಿದವರಲ್ಲ. ಸೋಮಾರಿಗಳೂ ಅಲ್ಲ. ಐನೂರು ಜನರ ಊಟದ ಪಾತ್ರೆ ತೊಳೆಯುವ ಕೈ ಅದು.

ದುಡಿಯುತ್ತಾರಲ್ಲ, ಒಂದು ರೂಮು ಹಿಡಿಯಬಹುದಲ್ವಾ ಅಂತ ನಿಮಗೂ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿ, ಅವರ ಜೊತೆ ನಾನೇ ಮನೆ ನೋಡಲು ಹೋಗಿದ್ದೆ. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು. ಮನೆಯ ಯಜಮಾನಿ ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. ಆಮೇಲೆ ಪ್ರಶ್ನೆ. "ಮನೆಯವರು ಏನ್ ಮಾಡ್ತಾರೆ?" ಇವರು "ಜೊತೆಗಿಲ್ಲ" ಅಂದರು. "ತೀರಿಕೊಂಡ್ರಾ, ಬಿಟ್ಟು ಹೋದ್ರಾ?" "ನಾನೇ ಬಿಟ್ಟು ಬಂದೆ ಅಮ್ಮಾ, ಹೊಡೀತಿದ್ರು." ಅಷ್ಟೇ. "ನಮ್ಮೆಜಮಾನ್ರನ್ನ ಕೇಳಿ ಫೋನ್ ಮಾಡ್ತೀನಿ" ಅಂದರು. ಫೋನ್ ಬರಲಿಲ್ಲ. ಬೋರ್ಡು ವಾರವಾದರೂ ಅಲ್ಲೇ ಇತ್ತು. ಇನ್ನೊಂದು ಕಡೆ ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ ಅಂದರು. ಅಡುಗೆ ಕೆಲಸದವರು ಹತ್ತಕ್ಕೆ ಬರಲು ಆಗುತ್ತದೆಯೇ? ಮತ್ತೊಂದು ಕಡೆ ಒಪ್ಪಿದರು, ಆದರೆ ಹತ್ತು ತಿಂಗಳ ಅಡ್ವಾನ್ಸ್. ದಿನದ ಕೂಲಿಯವರ ಹತ್ತಿರ ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಎಲ್ಲಿಂದ ಬರಬೇಕು?

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಹೊಡೆತ ತಿಂದು ಮನೆ ಬಿಟ್ಟು ಬಂದವಳಿಗೆ ಸಖಿ ಕೇಂದ್ರದಲ್ಲಿ 5 ದಿನದವರೆಗೆ ಇರಲು ಅವಕಾಶ ಇದೆ. ಅದು ದೊಡ್ಡ ಆಸರೆ. ಅಲ್ಲಿಂದ ಮುಂದೆ ಶಕ್ತಿ ಸದನ. ಮೊದಲು ಸ್ವಾಧಾರ ಗೃಹ ಅನ್ನುತ್ತಿದ್ದೆವು, 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆ ಬಂದ ಮೇಲೆ ಹೆಸರು ಬದಲಾಯಿತು. ಅಲ್ಲಿ 3 ವರ್ಷದವರೆಗೆ ಇರಬಹುದು. ಊಟ, ಬಟ್ಟೆ, ತರಬೇತಿ ಎಲ್ಲ ಉಂಟು. ಆದರೆ ಅದು ಸಂಸ್ಥೆ. ಹೋಗುವ ಬರುವ ಹೊತ್ತು ಅವರು ಹೇಳಿದ ಹಾಗೆ. ಗಂಡು ಮಗ ಒಂದು ವಯಸ್ಸು ದಾಟಿದರೆ ತಾಯಿ ಜೊತೆ ಇರುವ ಹಾಗಿಲ್ಲ. ಅವನು ಬೇರೆ ಹಾಸ್ಟೆಲ್ಲಿಗೆ ಹೋಗಬೇಕು. ಮಗನನ್ನು ಬಿಟ್ಟಿರಲಾರದೆ ಎಷ್ಟೋ ತಾಯಂದಿರು ಹೊಡೆಯುವ ಗಂಡನ ಮನೆಗೇ ವಾಪಸ್ ಹೋಗುತ್ತಾರೆ. ಇದನ್ನು ದಯವಿಟ್ಟು ಗಮನಿಸಿ. ಆ ಹೆಂಗಸು ಗಂಡನನ್ನು ಕ್ಷಮಿಸಿ ಹೋದದ್ದಲ್ಲ. ಮಗನ ಜೊತೆ ಇರಲು ಬೇರೆ ಜಾಗ ಇರಲಿಲ್ಲ, ಅದಕ್ಕೆ ಹೋದದ್ದು.

ಇನ್ನು ನಗರದ ವಸತಿರಹಿತರ ಆಶ್ರಯ ಕೇಂದ್ರಗಳು. 2013ರಲ್ಲಿ ಶುರುವಾದ ನಗರ ಜೀವನೋಪಾಯ ಅಭಿಯಾನದ ನಿಯಮದಲ್ಲಿ, ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗಾದರೂ ಜಾಗ ಇರಬೇಕು ಅಂತ ಇತ್ತು. 2011ರ ಜನಗಣತಿಯಲ್ಲೇ ನಮ್ಮ ಊರಿನ ಜನಸಂಖ್ಯೆ 3.22 ಲಕ್ಷ. ಲೆಕ್ಕ ನೀವೇ ಹಾಕಿ. ಆದರೆ ಅಂಥ ಕೇಂದ್ರ ರಾತ್ರಿ ತಲೆ ಊರಲು. ಅಲ್ಲಿ ಒಲೆ ಹೂಡಿ ಸಂಸಾರ ಕಟ್ಟಲು ಆಗುವುದಿಲ್ಲ.

5 ದಿನ ಆಯಿತು, 3 ವರ್ಷ ಆಯಿತು. ಆಮೇಲೆ? ಆ ಆಮೇಲೆಗೆ ನಮ್ಮೂರಲ್ಲಿ ದಾರಿಯೇ ಕಾಣುತ್ತಿಲ್ಲ. ಮನೆ ಕೊಡುವ ಯೋಜನೆಗಳು ಇವೆ ನಿಜ. ವಿಧವೆಯರಿಗೆ, ಅಂಗವಿಕಲರಿಗೆ ಅಂತಲೇ ದೇವರಾಜ ಅರಸು ಹೆಸರಿನ ವಸತಿ ಯೋಜನೆ ಇದೆ. ಆದರೆ ಮನೆ ಕಟ್ಟಿಕೊಳ್ಳಲು ಸಹಾಯಧನ ಸಿಗಬೇಕಾದರೆ ಮೊದಲು ನಿವೇಶನ ಇರಬೇಕು. ಗೋವಿಂದಾಪುರದಲ್ಲಿ ಕಟ್ಟಿದಂಥ ಬಹುಮಹಡಿ ಮನೆಗೆ ಫಲಾನುಭವಿಯ ಪಾಲು ಕಟ್ಟಬೇಕು. ಅದು ಲಕ್ಷದ ಲೆಕ್ಕ. ಫ್ಲಾಸ್ಕ್ ಇಟ್ಟುಕೊಂಡು ಮಲಗುವವರಿಗೆ ಬ್ಯಾಂಕು ಸಾಲ ಕೊಡುತ್ತದೆಯೇ? ಬೇಡುವವರನ್ನು ಹಿಡಿದು ತಂದು ನಿರಾಶ್ರಿತರ ಕೇಂದ್ರದಲ್ಲಿ ಇಡುವ ಕಾನೂನು ನಮ್ಮಲ್ಲಿ 1975ರಿಂದ ಇದೆ. ಅದಕ್ಕೆ ಅಂತ ಆಸ್ತಿ ತೆರಿಗೆ ಜೊತೆ ನಾವೆಲ್ಲ ಶೇ. 3ರಷ್ಟು ಕರವನ್ನೂ ಕಟ್ಟುತ್ತೇವೆ. ಬೇಡದೆ ದುಡಿಯುವವಳಿಗೆ ಮಾತ್ರ ಏನೂ ಇಲ್ಲ.

ಇವರು ಎಷ್ಟು ಜನ ಇದ್ದಾರೆ ಅಂತ ನೀವು ಕೇಳಿದರೆ, ಕಡತದಲ್ಲಿ ಕಾಣುವ ಸಂಖ್ಯೆಯನ್ನು ನಂಬಬೇಡಿ ಅಂತ ಕೈಮುಗಿದು ಹೇಳುತ್ತೇನೆ. 2011ರಲ್ಲಿ ಮನೆ ಇಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ಫುಟ್‌ಪಾತಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವರು ಸಿಕ್ಕಿರುತ್ತಾರೆ. ಹೆಂಗಸು ಅಲ್ಲಿ ಮಲಗುವುದಿಲ್ಲ. ಮಲಗಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಅವಳು ಆಸ್ಪತ್ರೆಯಲ್ಲಿ ರೋಗಿಯ ಕಡೆಯವಳು, ಬಸ್ಸಿನಲ್ಲಿ ಪ್ರಯಾಣಿಕಳು, ದೇವಸ್ಥಾನದಲ್ಲಿ ಭಕ್ತೆ, ನಮ್ಮ ಛತ್ರದಲ್ಲಿ ಕೆಲಸದವಳು. ಕಾಣಿಸಿಕೊಳ್ಳದೆ ಇರುವುದೇ ಅವಳಿಗೆ ರಕ್ಷಣೆ. 2027ರ ಜನಗಣತಿಗೆ ಮುಂಚೆ ಪಾಲಿಕೆಯವರು ಒಮ್ಮೆ ಛತ್ರದ ಮ್ಯಾನೇಜರುಗಳನ್ನು, ಆಸ್ಪತ್ರೆಯ ಆಯಾಗಳನ್ನು, ರಾತ್ರಿ ಬಸ್ಸಿನ ಕಂಡಕ್ಟರುಗಳನ್ನು ಕೇಳಲಿ. ಅವರಿಗೆ ಮುಖ ಗೊತ್ತಿರುತ್ತದೆ.

ನಮ್ಮ ಜಿಲ್ಲೆಗೆ ಮನೆ ಕಳೆದುಕೊಳ್ಳುವುದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರ ಪರವಾಗಿ ಪಾದಯಾತ್ರೆ ಆಗಿದೆ, ವಿಧಾನಸೌಧದಲ್ಲಿ ಮಾತಾಗಿದೆ. ಆಗಬೇಕಾದದ್ದೇ. ಆದರೆ ಒಂದೊಂದೇ ಹೆಂಗಸಿನ ಮನೆ ಮುಳುಗಿದರೆ ಊರಿಗೆ ಗೊತ್ತಾಗುವುದಿಲ್ಲ. ತೋಟದ ಕೆಲಸಕ್ಕೆ ಅಂತ ಕೊಟ್ಟ ಮನೆ, ಗಂಡ ಸತ್ತ ಮೇಲೆ ಬಿಡಬೇಕಾಗುತ್ತದೆ. ವರ್ಷಗಟ್ಟಲೆ ಆ ತೋಟದಲ್ಲೇ ಅಡಿಕೆ ಸುಲಿದವಳು ಒಂದು ಚೀಲ ಹಿಡಿದು ಶಿವಮೊಗ್ಗದ ಬಸ್ ಹತ್ತುತ್ತಾಳೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನಿನಲ್ಲಿ ಗಂಡನ ಮನೆಯಲ್ಲಿ ಇರುವ ಹಕ್ಕು ಹೆಂಡತಿಗೆ ಇದೆ. ಆ ಹಕ್ಕು ಕೇಳಲು ಕೋರ್ಟಿಗೆ ಹೋದವಳು ವಾಯಿದೆಯಿಂದ ವಾಯಿದೆಗೆ ಎಲ್ಲಿ ಇರಬೇಕು?

ಇದಕ್ಕೆ ದಾರಿ ಇಲ್ಲ ಅನ್ನುವ ಹಾಗಿಲ್ಲ. ಪಕ್ಕದ ಚೆನ್ನೈಯಲ್ಲಿ 'ದಿ ಬ್ಯಾನಿಯನ್' ಅನ್ನುವ ಸಂಸ್ಥೆ ಇದೆ. ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದ ಹೆಂಗಸರಿಗಾಗಿ ಇಬ್ಬರು ಯುವತಿಯರು 1993ರಲ್ಲಿ ಶುರು ಮಾಡಿದ್ದು. ಗುಣವಾದ ಮೇಲೂ ಮನೆಗೆ ಹೋಗಲಾಗದೆ ವರ್ಷಗಟ್ಟಲೆ ಅಲ್ಲೇ ಉಳಿದವರಿಗೆ ಅವರು ಮಾಡಿದ ಕೆಲಸ ಬಹಳ ಸರಳ. ಊರಿನ ಮಾಮೂಲಿ ಬೀದಿಗಳಲ್ಲಿ ಬಾಡಿಗೆ ಮನೆ ಹಿಡಿದರು. ನಾಲ್ಕೈದು ಜನ ಸೇರಿ ಒಂದು ಮನೆ. ಅಡುಗೆ ಅವರದೇ, ಸಂತೆಗೆ ಹೋಗುವುದು ಅವರೇ. ಬೇಕಾದ ಸಹಾಯಕ್ಕೆ ಒಬ್ಬ ಕೆಲಸಗಾರ್ತಿ. ಅದು ತಮಿಳುನಾಡು ದಾಟಿ ಕೇರಳಕ್ಕೂ ಹೋಗಿದೆ. ಕೇರಳಕ್ಕೆ ಬಂದದ್ದು ಘಟ್ಟ ಹತ್ತಿ ನಮ್ಮಲ್ಲಿಗೆ ಬರಲು ಏನು ಅಡ್ಡಿ? 2017ರ ಮಾನಸಿಕ ಆರೋಗ್ಯ ಕಾನೂನು ಕೂಡ ಇದನ್ನೇ ಹೇಳುತ್ತದೆ. ಮನೆಯವರು ಕರೆದೊಯ್ಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ, ಆಸರೆಯಿರುವ ಮನೆಗಳನ್ನು ಸರ್ಕಾರ ಒದಗಿಸಬೇಕು ಅಂತ.

ದುಡ್ಡಿನ ಮಾತಿಗೆ ಬರುತ್ತೇನೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ, ನಗರಗಳಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಲು ಒಂದು ಬೇರೆ ವಿಭಾಗವೇ ಇದೆ. ದುಡಿಯುವ ಮಹಿಳೆಯರು, ವಸತಿರಹಿತರು, ನಿರ್ಗತಿಕರು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ಊರಿನಿಂದ ಅದರಡಿ ಈ ಹೆಂಗಸರಿಗಾಗಿ ಒಂದು ಪ್ರಸ್ತಾವ ಹೋಗಲಿ. ಬಾಡಿಗೆ ಹೇಗೆ ಕಟ್ಟುತ್ತಾರೆ ಅನ್ನುತ್ತೀರಾ? ಗೃಹಲಕ್ಷ್ಮಿಯ 2,000 ರೂಪಾಯಿ ಇವತ್ತು ಇವರಲ್ಲಿ ತುಂಬಾ ಜನಕ್ಕೆ ಬರುತ್ತಿಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಅಂತ ಹೆಸರಿರಬೇಕಲ್ಲ. ಇವರ ಹೆಸರು ಇನ್ನೂ ಗಂಡನ ಮನೆಯ ಚೀಟಿಯಲ್ಲೋ, ಅತ್ತೆಯ ಹೆಸರಿನ ಕೆಳಗೋ ಇರುತ್ತದೆ. ಒಂದು ವಿಳಾಸ ಕೊಡಿ. ಚೀಟಿ ಆಗುತ್ತದೆ, ಆ ದುಡ್ಡು ಬರುತ್ತದೆ, ಅದರಲ್ಲೇ ಬಾಡಿಗೆಯ ಒಂದು ಪಾಲು ಸಲ್ಲುತ್ತದೆ.

ಕೆಲವು ವಿಷಯಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮನೆಗಳು ಊರೊಳಗೆ ಇರಲಿ. ದುರ್ಗಿಗುಡಿ, ಗಾಂಧಿ ಬಜಾರ್, ಬಸ್ ಸ್ಟ್ಯಾಂಡ್ ಕಡೆಯಿಂದ ರಾತ್ರಿ ಹನ್ನೆರಡಕ್ಕೆ ನಡೆದು ಹೋಗಿ ಸೇರುವಷ್ಟು ಹತ್ತಿರ. ಊರ ಹೊರಗೆ ಕೊಟ್ಟರೆ ಅವರು ಮತ್ತೆ ಉಗ್ರಾಣದಲ್ಲೇ ಮಲಗುತ್ತಾರೆ. ಬಾಡಿಗೆ ದುಡಿಮೆಯ ಕಾಲು ಭಾಗ ದಾಟದಿರಲಿ. ಆಷಾಢ ಮತ್ತು ಧನುರ್ಮಾಸದಲ್ಲಿ ಸ್ವಲ್ಪ ಬಾಕಿ ಉಳಿದರೆ ತಾಳಿಕೊಳ್ಳಲಿ. ಗಂಡು ಮಕ್ಕಳನ್ನು ತಾಯಿಯಿಂದ ಬೇರೆ ಮಾಡಬಾರದು. 'ನಿರ್ಗತಿಕ ಮಹಿಳೆಯರ ವಸತಿ' ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಬಾರದು, ಮಕ್ಕಳು ಅದೇ ಗೇಟಿನಿಂದ ಶಾಲೆಗೆ ಹೋಗಬೇಕು. ಕೆಲಸಗಾರ್ತಿಯನ್ನು ಗುತ್ತಿಗೆಗೆ ತಂದು ಆರು ತಿಂಗಳಿಗೊಮ್ಮೆ ಬದಲಿಸಬೇಡಿ. ಬ್ಯಾಂಕಿನ ಖಾತೆ, ಮಗುವಿನ ಶಾಲೆ, ಕೋರ್ಟಿನ ವಾಯಿದೆ, ಮಾತ್ರೆಯ ಹೊತ್ತು ಇವೆಲ್ಲ ನಂಬಿಕೆಯ ಮೇಲೆ ನಡೆಯುವ ಕೆಲಸ. ಬೀದಿ ಕಂಡು ಗೆದ್ದು ಬಂದವರಲ್ಲೇ ಒಬ್ಬರಿಗೆ ಆ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು.

ಸಂಸಾರಸ್ಥರೇ ವರ್ಷಗಟ್ಟಲೆ ಕಾಯುತ್ತಿದ್ದಾರೆ, ಇವರಿಗೆ ಮೊದಲು ಕೊಟ್ಟರೆ ಜನ ಸುಮ್ನೆ ಇರುತ್ತಾರಾ ಅನ್ನುವ ಮಾತು ಬಂದೇ ಬರುತ್ತದೆ. ನಾನು ಯಾರ ಮನೆಯನ್ನೂ ಕಿತ್ತು ಕೊಡಿ ಅನ್ನುತ್ತಿಲ್ಲ. ಇದು ಹಕ್ಕುಪತ್ರದ ಮನೆ ಅಲ್ಲ, ಬಾಡಿಗೆ ಮನೆ. ಆಸ್ತಿ ಪಾಲಿಕೆಯದ್ದಾಗಿಯೇ ಉಳಿಯುತ್ತದೆ. ಒಬ್ಬಳು ಚೇತರಿಸಿಕೊಂಡು ಬೇರೆ ಕಡೆ ಹೋದರೆ ಇನ್ನೊಬ್ಬಳು ಬರುತ್ತಾಳೆ. ಅವಳೂ ಸಂಸಾರಸ್ಥಳೇ. ಗಂಡ ಜೊತೆಗಿಲ್ಲ ಅಂದ ಮಾತ್ರಕ್ಕೆ ಮಕ್ಕಳೂ ಅಡುಗೆಯೂ ಇಲ್ಲ ಅಂತಲ್ಲ.

ಮುಂದಿನ ಆಶ್ರಯ ಸಮಿತಿ ಸಭೆಯಲ್ಲಿ ಈ ವಿಷಯ ಇಡಿ. ಮೊದಲಿಗೆ ಒಂದೇ ಕಟ್ಟಡ ಸಾಕು, ಒಂದು ಹತ್ತು ಹದಿನೈದು ಮನೆ. ಪಾಲಿಕೆಯ ಹಳೇ ಕ್ವಾರ್ಟರ್ಸ್ ಯಾವುದಾದರೂ ಖಾಲಿ ಇದ್ದರೆ ಸುಣ್ಣ ಬಣ್ಣ ಮಾಡಿಸಿ ಶುರು ಮಾಡಬಹುದು. ಆ ಸಭೆಗೆ ಈ ಹೆಂಗಸರನ್ನೂ ಕರೆಯಿರಿ. ನಮ್ಮ ತಂಡದಿಂದ ಇಬ್ಬರು ಬಂದು ಮಾತಾಡಲು ಒಪ್ಪಿದ್ದಾರೆ. ಮದುವೆ ಇಲ್ಲದ ದಿನ ನೋಡಿ ಸಭೆ ಇಟ್ಟರೆ ಅವರ ಒಂದು ದಿನದ ಕೂಲಿ ಉಳಿಯುತ್ತದೆ.

ಇಂತಿ,
ಅಡುಗೆ ಕೆಲಸದ ಒಬ್ಬ ಮಹಿಳೆ
ಶಿವಮೊಗ್ಗ